ಹತ್ತು ಡಿಗ್ರಿಯ ಗುಟ್ಟು

ಕಾರಿನ ಟೈಮಿಂಗ್ ಕೂಡಿಸುವುದು ಒಂದು ದೊಡ್ಡ ವಿದ್ಯೆ. ಆ ವಿದ್ಯೆ ಮೆಕ್ಯಾನಿಕ್ಕಿನ ಕಿವಿಯಲ್ಲಿರುತ್ತದೆ. ಹೆಂಗಸರಿಗೆ ಅದು ತಿಳಿಯುವಂಥದ್ದಲ್ಲ. ಈ ಮೂರು ಮಾತುಗಳನ್ನು ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ನನ್ನ ತಕರಾರು ಮೂರರ ಮೇಲೂ ಇದೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಹಳೆಯ ಸತ್ಯ, ಮೂರನೆಯದು ಶುದ್ಧ ಸುಳ್ಳು.

ಯಾವ ಕಾರುಗಳ ಮಾತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಬುರೇಟರಿನ ಬದಲು, ಪೆಟ್ರೋಲನ್ನು ಅಳೆದು ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಪದ್ಧತಿ ನಮ್ಮ ದೇಶದ ಸಾಧಾರಣ ಮನೆಗಳ ಕಾರಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ದೆಹಲಿಯ ಹೊಗೆಯ ವಿಚಾರದಲ್ಲಿ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಯೂರೋ ನಿಯಮಗಳಿಗೆ ಗಡುವು ಹಾಕಿತು. 2000ದಲ್ಲಿ ಮಾರುತಿ 800 ಕೂಡ ತನ್ನ ಬೆನ್ನ ಮೇಲೆ 'ಎಂಪಿಎಫ್‌ಐ' ಎಂಬ ನಾಲ್ಕಕ್ಷರ ಅಂಟಿಸಿಕೊಂಡು ರಸ್ತೆಗಿಳಿಯಿತು. ಎರಡನೆಯ ಹಂತದ ಕಟ್ಟುಪಾಡು ಬೆಂಗಳೂರಿಗೆ 2003ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು. ಆ ಕಾಲದ ಹಲವು ಕಾರುಗಳು ಒಂದು ಕಾಲನ್ನು ಹಳೆಯ ಕಾಲದಲ್ಲಿ, ಇನ್ನೊಂದನ್ನು ಹೊಸ ಕಾಲದಲ್ಲಿ ಇಟ್ಟವು. 1998ರಲ್ಲಿ ಬಂದ ಮೊದಲ ಹೋಂಡಾ ಸಿಟಿ ಅಂಥದ್ದು. ಒಳಗೆ ಲೆಕ್ಕ ಹಾಕುವ ಕಂಪ್ಯೂಟರ್ ಇದೆ. ಆದರೆ ಕಿಡಿ ಹಂಚುವುದಕ್ಕೆ ಹಳೆಯ ಡಿಸ್ಟ್ರಿಬ್ಯೂಟರೇ ಇದೆ. ಮೂರು ಬೋಲ್ಟು ಸಡಿಲಿಸಿದರೆ ಅದನ್ನು ಯಾರು ಬೇಕಾದರೂ ಕೈಯಿಂದ ತಿರುಗಿಸಬಹುದು. ತಿರುಗಿಸಬಹುದು ಎಂಬುದರಲ್ಲೇ ಎಲ್ಲ ಅನರ್ಥ ಇರುವುದು.

ಟೈಮಿಂಗ್ ಎಂದರೇನು? ನಾಗರಪಂಚಮಿಗೆ ಜೋಕಾಲಿ ಜೀಕಿದವರಿಗೆ, ಮಕ್ಕಳನ್ನು ಕೂರಿಸಿ ತೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಕಾಲಿ ನಮ್ಮ ಕಡೆ ಬಂದು, ತುದಿ ಮುಟ್ಟಿ, ಹಿಂತಿರುಗಿದ ಆ ಗಳಿಗೆಯಲ್ಲಿ ನೂಕು ಬೀಳಬೇಕು. ಇನ್ನೂ ಬರುತ್ತಿರುವಾಗಲೇ ನೂಕಿದರೆ ನಮ್ಮ ರಟ್ಟೆಗೆ ಪೆಟ್ಟು, ಕೂತ ಮಗುವಿಗೂ ಪೆಟ್ಟು. ದೂರ ಹೋದ ಮೇಲೆ ನೂಕಿದರೆ ಗಾಳಿಗೆ ಗುದ್ದಿದ ಹಾಗೆ. ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ಬಂದು, ತುದಿ ಮುಟ್ಟಿ, ಕೆಳಗಿಳಿಯಲು ತೊಡಗಿದಾಗ ಉರಿದ ಗಾಳಿಯ ನೂಕು ಅದರ ತಲೆಯ ಮೇಲೆ ಬೀಳಬೇಕು. ಆದರೆ ಕಿಡಿ ಹಾರಿದ ತಕ್ಷಣ ಪೆಟ್ರೋಲೆಲ್ಲ ಒಮ್ಮೆಗೇ ಉರಿಯುವುದಿಲ್ಲ. ಬೆಂಕಿ ಹರಡಲು ಹೊತ್ತು ಬೇಕು. ಅದಕ್ಕೇ ಪಿಸ್ಟನ್ ಇನ್ನೂ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುತ್ತಾರೆ. ಎಷ್ಟು ಮೊದಲು ಎಂಬುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ದಂಡ ಒಂದು ಸುತ್ತು ಸುತ್ತಿದರೆ 360 ಡಿಗ್ರಿ.

ಬೆಂಕಿ ಹರಡಲು ಸೆಕೆಂಡಿನ ಐನೂರನೆಯ ಒಂದು ಪಾಲು ಬೇಕು ಎಂದಿಟ್ಟುಕೊಳ್ಳೋಣ. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ ಅದು ಸುಮಾರು 10 ಡಿಗ್ರಿ ತಿರುಗಿರುತ್ತದೆ. ಹೆದ್ದಾರಿಯಲ್ಲಿ 3000 ಸುತ್ತು ತಿರುಗುತ್ತಿದ್ದರೆ ಅದೇ ಹೊತ್ತಿನಲ್ಲಿ 36 ಡಿಗ್ರಿ! ಅಂದರೆ ವೇಗ ಹೆಚ್ಚಿದಂತೆ ಕಿಡಿ ಇನ್ನೂ ಮೊದಲು ಹಾರಬೇಕು. ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಸ್ವಲ್ಪ ಹಿಂದೆ ಸರಿಯಬೇಕು. ಈ ಲೆಕ್ಕವನ್ನು ಗಳಿಗೆಗಳಿಗೆಗೂ ಹಾಕುವುದೇ ಕಂಪ್ಯೂಟರಿನ ಕೆಲಸ.

ಹಾಗಾದರೆ ಮನುಷ್ಯರು ಕೈ ಹಾಕುವುದೆಲ್ಲಿ? ಸಂತೆಯಲ್ಲಿ ತರಕಾರಿ ಕೊಳ್ಳುವಾಗ ನಾವು ಮೊದಲು ನೋಡುವುದು ಬದನೆಕಾಯನ್ನಲ್ಲ, ತಕ್ಕಡಿಯ ಮುಳ್ಳನ್ನು. ಮುಳ್ಳು ಸೊನ್ನೆಯಲ್ಲಿಲ್ಲದಿದ್ದರೆ ಎಷ್ಟು ಚೊಕ್ಕವಾಗಿ ತೂಗಿದರೂ ಮೋಸವೇ. ಎಂಜಿನ್ನಿನಲ್ಲೂ ಹಾಗೊಂದು ಸೊನ್ನೆ ಇದೆ, ಅದಕ್ಕೆ ಬೇಸ್ ಟೈಮಿಂಗ್ ಎಂದು ಹೆಸರು. ಕಂಪ್ಯೂಟರ್ ಕೂಡುವುದೂ ಕಳೆಯುವುದೂ ಅದರ ಮೇಲೆಯೇ. ಹೋಂಡಾದಂಥ ಎಂಜಿನ್ನುಗಳಲ್ಲಿ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಎಂದು ತಿಳಿಸುವ ಸೆನ್ಸರುಗಳು ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲೇ ಇರುತ್ತವೆ. ಡಿಸ್ಟ್ರಿಬ್ಯೂಟರನ್ನು ಓರೆಯಾಗಿ ಕೂರಿಸಿದರೆ ಕಂಪ್ಯೂಟರಿನ ಕಣ್ಣೇ ಓರೆ. ಅದು ಪಾಪ, ತನ್ನ ಲೆಕ್ಕ ಸರಿಯಿದೆ ಎಂದೇ ನಂಬಿಕೊಂಡು ಎಲ್ಲ ವೇಗದಲ್ಲೂ ತಪ್ಪು ಗಳಿಗೆಯಲ್ಲೇ ಕಿಡಿ ಹಾರಿಸುತ್ತಾ ಹೋಗುತ್ತದೆ.

ಈಗ ಕಿವಿಯ ವಿಚಾರಕ್ಕೆ ಬರೋಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಮೆಕ್ಯಾನಿಕ್ಕುಗಳ ಕಿವಿಯನ್ನು ನಾನು ಹಂಗಿಸುತ್ತಿಲ್ಲ. ಆ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಿದರೆ ಎಂಜಿನ್ನಿನ ಸದ್ದು ಅಷ್ಟೇ ಬದಲಾಗುತ್ತಿತ್ತು. ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಒಳ್ಳೆಯ ಕಿವಿ ಇದ್ದವರು ಸದ್ದಿನಿಂದಲೇ ಹದ ಹಿಡಿಯುತ್ತಿದ್ದರು, ಅಮೇಲೆ ಒಂದು ಏರು ಹತ್ತಿಸಿ ನೋಡುತ್ತಿದ್ದರು. ಇಂಜೆಕ್ಷನ್ ಕಾರಿನಲ್ಲಿ ಹಾಗಲ್ಲ. ನೀವು ಡಿಸ್ಟ್ರಿಬ್ಯೂಟರ್ ತಿರುಗಿಸಿ ಎಂಜಿನ್ನಿನ ವೇಗ ಏರಿಸಿದರೆ, ಕಂಪ್ಯೂಟರ್ 'ಇದೇಕೆ ಏರಿತು' ಎಂದು ಗಾಳಿಯನ್ನು ಕಡಿಮೆ ಮಾಡಿ, ಕಿಡಿಯನ್ನು ಹಿಂದಕ್ಕೆಳೆದು ಮತ್ತೆ ಮೊದಲಿನ ವೇಗಕ್ಕೇ ತರುತ್ತದೆ. ನೀವು ಎಳೆಯುವುದು, ಅದು ಜಗ್ಗುವುದು. ಆ ಹಗ್ಗಜಗ್ಗಾಟದಲ್ಲಿ ಕಿವಿಗೆ ಕೇಳಿಸುವುದು ಕಂಪ್ಯೂಟರಿನ ಸಮಾಧಾನವೇ ಹೊರತು ಟೈಮಿಂಗ್ ಅಲ್ಲ. ಕಿವಿ ಎಷ್ಟೇ ಸೂಕ್ಷ್ಮವಾಗಿರಲಿ, ಇಲ್ಲದ ಸದ್ದನ್ನು ಕೇಳಲಾರದು.

ಇದಕ್ಕಿಂತ ಕೆಟ್ಟದ್ದೊಂದಿದೆ. ಕಿಡಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಮೊದಲಿಗೆ ಸರಿಸಿದರೆ ಮೊದಲ ದಿನ ಕಾರು ಚುರುಕಾದಂತೆ ಕಾಣುತ್ತದೆ. "ಪಿಕಪ್ ಬಂತು ನೋಡಿ ಮೇಡಂ!" ಎನ್ನುತ್ತಾರೆ. ಹಣ ಎಣಿಸಿ ಕೊಟ್ಟು ಬರುತ್ತೇವೆ. ಊರೊಳಗೆ ಓಡಾಡುವವರೆಗೆ ಸರಿ. ನಾಲ್ಕು ಜನ ಕೂತು, ಎ.ಸಿ. ಹಾಕಿಕೊಂಡು ಘಾಟಿ ಹತ್ತುವಾಗ ಬಾನೆಟ್ಟಿನೊಳಗಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಶುರುವಾಗುತ್ತದೆ. ಅದೇ ನಾಕಿಂಗ್. ಬೆಂಕಿಯ ಅಲೆ ತಲುಪುವ ಮೊದಲೇ, ಒತ್ತಡಕ್ಕೂ ಬಿಸಿಗೂ ಉಳಿದ ಪೆಟ್ರೋಲು ತಾನಾಗಿ ಸಿಡಿಯುವ ಸದ್ದು. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನಿನ ತಲೆ ಸವೆಯುತ್ತದೆ, ರಿಂಗು ಮುರಿಯುತ್ತದೆ, ಗ್ಯಾಸ್ಕೆಟ್ಟು ಹೋಗುತ್ತದೆ. ಅತ್ತ ಕಿಡಿ ತಡವಾದರೆ ಸದ್ದಿಲ್ಲ; ಆದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ, ಸೈಲೆನ್ಸರಿನ ಕಡೆಗೆ ಹೋಗುವ ಹೊಗೆ ಕಾದ ಕೆಂಡವಾಗುತ್ತದೆ. ಎರಡೂ ನಷ್ಟವೇ. ನಷ್ಟ ಬರುವುದು ಬಿಲ್ಲು ಕಟ್ಟಿ ಆರು ತಿಂಗಳಾದ ಮೇಲೆ. ಅಷ್ಟು ಹೊತ್ತಿಗೆ ಅದನ್ನು ಯಾರ ತಲೆಗೂ ಕಟ್ಟುವಂತಿಲ್ಲ.

ನನ್ನದೇ ಹಳೆಯ ಸಿಟಿ ಕಾರಿಗೆ ಟೈಮಿಂಗ್ ಬೆಲ್ಟು ಹಾಕಿಸಿದ ಮೇಲೆ ಚಾರ್ಮಾಡಿ ಘಾಟಿಯಲ್ಲಿ ಈ ಗೋಲಿಯ ಸದ್ದು ಕೇಳಿತು. ಬೆಲ್ಟು ಹಾಕಿದ ಗ್ಯಾರೇಜಿಗೆ ಹೋಗಿ ಹೇಳಿದೆ. ಪೆಟ್ರೋಲು ಸರಿಯಿಲ್ಲ ಎಂದರು. ಬೇರೆ ಬಂಕಿನಲ್ಲಿ ಹಾಕಿಸಿದೆ; ಸದ್ದು ಹೋಗಲಿಲ್ಲ. ಮತ್ತೆ ಹೋದಾಗ ಎಂಜಿನ್ನು ಚಾಲೂ ಮಾಡಿ, ತಲೆ ಓರೆ ಮಾಡಿ ಕೇಳಿ, ಡಿಸ್ಟ್ರಿಬ್ಯೂಟರನ್ನು ಕೈಯಲ್ಲೇ ಒಂದಿಷ್ಟು ತಿರುಗಿಸಿ "ಈಗ ನೋಡಿ, ಬೆಣ್ಣೆ ಥರ ಇದೆ" ಎಂದರು. ಎಷ್ಟು ಡಿಗ್ರಿಗೆ ಇಟ್ಟಿರಿ ಎಂದು ಕೇಳಿದೆ. ಆ ಹುಡುಗ ನನ್ನನ್ನು ನೋಡಲೇ ಇಲ್ಲ. "ಸಾರ್‌ಗೆ ಫೋನ್ ಹಚ್ಚಿಕೊಡಿ ಮೇಡಂ, ಅವರಿಗೆ ಹೇಳ್ತೀನಿ" ಎಂದ. ನಮ್ಮ ಮನೆಯ 'ಸಾರ್‌'ಗೆ ಕಾರು ಓಡಿಸಲು ಬರುವುದಿಲ್ಲ! ಕಾರು ನನ್ನ ಹೆಸರಿನಲ್ಲಿದೆ, ಲೈಸೆನ್ಸು ನನ್ನದು, ಹಣ ನನ್ನ ಸಂಬಳದ್ದು. ಆದರೂ ಡಿಗ್ರಿ ಎಂಬ ಸಂಖ್ಯೆ ಮಾತ್ರ ಮೀಸೆ ಇದ್ದವರ ಕಿವಿಗೇ ಬೀಳಬೇಕಂತೆ.

ಅವನಿಗೆ ಆ ಸಂಖ್ಯೆ ಗೊತ್ತಿರಲಿಲ್ಲ, ಅಷ್ಟೇ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಇನ್ನೊಂದು ಊರಿನ ಹಿರಿಯ ಮೆಕ್ಯಾನಿಕ್ಕನ್ನು ನೋಡಬೇಕಾಯಿತು. ಅವರು ಬಟ್ಟೆಯಲ್ಲಿ ಸುತ್ತಿಟ್ಟ ಟೈಮಿಂಗ್ ಲೈಟು ತೆಗೆದರು. ನೋಡಲು ಪಿಸ್ತೂಲಿನ ಹಾಗಿರುವ ದೀಪ. ಎರಡು ತಂತಿ ಬ್ಯಾಟರಿಗೆ, ಇನ್ನೊಂದು ಕ್ಲಿಪ್ಪು ಒಂದನೆಯ ಸಿಲಿಂಡರಿನ ಪ್ಲಗ್ಗಿನ ತಂತಿಗೆ. ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ದೀಪ ಒಮ್ಮೆ ಮಿಂಚುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫ್ಯಾನಿನ ರೆಕ್ಕೆ ಒಮ್ಮೊಮ್ಮೆ ನಿಂತಂತೆ ಕಾಣುವುದಿಲ್ಲವೇ? ಹಾಗೆ, ಆ ಮಿಂಚಿನಲ್ಲಿ ಗಿರ್ರನೆ ತಿರುಗುವ ಪುಲ್ಲಿ ನಿಂತ ಹಾಗೆ ಕಾಣುತ್ತದೆ. ಅದರ ಮೇಲಿನ ಕೆಂಪು ಗೆರೆ, ಪಕ್ಕದ ಮುಚ್ಚಳದ ಮೇಲಿನ ಮುಳ್ಳಿಗೆ ನೇರ ನಿಂತರೆ ಟೈಮಿಂಗ್ ಸರಿ. ಇಲ್ಲದಿದ್ದರೆ ತಪ್ಪು. "ಅಮ್ಮಾ, ಸೆರಗು ಸಿಕ್ಕಿಸಿಕೊಂಡು ಇಲ್ಲಿ ಬಗ್ಗಿ ನೋಡಿ" ಎಂದು ನನಗೇ ತೋರಿಸಿದರು. ಬೆಣ್ಣೆಯ ಹಾಗಿದೆ ಎಂದಿದ್ದ ಕಾರಿನ ಕೆಂಪು ಗೆರೆ ಮುಳ್ಳಿನಿಂದ ಎಲ್ಲೋ ದೂರ ನಿಂತಿತ್ತು.

ಅವರು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಗುಟ್ಟು ಬಯಲಾಗಲಿ. ಮೊದಲು ಎಂಜಿನ್ನು ಚೆನ್ನಾಗಿ ಬಿಸಿಯಾಗಬೇಕು, ರೇಡಿಯೇಟರಿನ ಫ್ಯಾನು ಒಮ್ಮೆ ತಿರುಗಿ ನಿಲ್ಲುವವರೆಗೆ. ಎ.ಸಿ., ದೀಪ ಎಲ್ಲ ಬಂದ್. ಎರಡನೆಯದೇ ಮುಖ್ಯ: ಕಂಪ್ಯೂಟರಿನ ಬಾಯಿ ಮುಚ್ಚಿಸಬೇಕು. ಅದಕ್ಕಾಗಿಯೇ ಕಂಪೆನಿಯವರು ಒಂದು ಪುಟ್ಟ ಕನೆಕ್ಟರ್ ಇಟ್ಟಿರುತ್ತಾರೆ. ಅದರ ಎರಡು ಕಾಲುಗಳನ್ನು ತುಂಡು ತಂತಿಯಿಂದ ಸೇರಿಸಿದರೆ ಕಂಪ್ಯೂಟರ್ ತನ್ನ ಕೂಡು-ಕಳೆ ನಿಲ್ಲಿಸಿ ಬೇಸ್ ಟೈಮಿಂಗಿನಲ್ಲೇ ಕಿಡಿ ಬಿಡುತ್ತದೆ. ಆಗ ದೀಪ ಹಿಡಿದು ನೋಡಬೇಕು, ಬೋಲ್ಟು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಬೇಕು, ಗೆರೆ ಕೂಡಿದ ಮೇಲೆ ಬಿಗಿಸಬೇಕು. ಬಿಗಿಸುವಾಗ ಅಲುಗಾಡಿರುತ್ತದೆ, ಅದಕ್ಕೆ ಮತ್ತೊಮ್ಮೆ ನೋಡಬೇಕು. ಕೊನೆಗೆ ಆ ತುಂಡು ತಂತಿಯನ್ನು ನೆನಪಿಟ್ಟು ತೆಗೆಯಬೇಕು. ಇಷ್ಟೇ. ಎಂಜಿನ್ನು ಬಿಸಿಯಾದ ಮೇಲೆ ಕಾಲು ಗಂಟೆಯ ಕೆಲಸ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಆ ದೀಪದಲ್ಲಿ ಪುಲ್ಲಿ ನಿಂತಂತೆ ಕಾಣುವುದು ಕಣ್ಣಿನ ಭ್ರಮೆ. ಅದು ತಿರುಗುತ್ತಲೇ ಇರುತ್ತದೆ. ಸೆರಗು, ದುಪಟ್ಟ, ಜಡೆ, ಬಳೆ ಎಲ್ಲವನ್ನೂ ಸಂಭಾಳಿಸಿಕೊಂಡೇ ಬಗ್ಗಬೇಕು.

ಈ ಕ್ರಮ ಒಬ್ಬ ಮೆಕ್ಯಾನಿಕ್ಕಿನ ಸ್ವಂತ ಕಲ್ಪನೆಯಲ್ಲ. ಜಗತ್ತಿನ ದೊಡ್ಡ ಕಂಪೆನಿಗಳೆಲ್ಲ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆದಿಟ್ಟಿವೆ. ಆ ಕಾಲದ ಟೊಯೊಟಾ ಕೊರೊಲ್ಲಾದಲ್ಲಿ ಟಿಇ1, ಇ1 ಎಂಬ ಎರಡು ಕಾಲು ಸೇರಿಸಿ 10 ಡಿಗ್ರಿಗೆ ಇಡಬೇಕು. ಮಾಜ್ದಾದ ಪುಟ್ಟ ಎಂಎಕ್ಸ್-5ರಲ್ಲಿ ಟೆನ್ ಎಂಬ ಕಾಲನ್ನು ಗ್ರೌಂಡಿಗೆ ಸೇರಿಸಿ 10 ಡಿಗ್ರಿ. ಅಮೆರಿಕದ ಫೋರ್ಡ್ ಮಸ್ಟಾಂಗಿನ ಐದು ಲೀಟರಿನ ಎಂಜಿನ್ನಿನಲ್ಲಿ ಸ್ಪೌಟ್ ಎಂಬ ಚಿಕ್ಕ ಪ್ಲಗ್ಗನ್ನು ಕಿತ್ತು, ಅಲ್ಲೂ 10 ಡಿಗ್ರಿ. ಎಲ್ಲ ಕಾರಿಗೂ ಹತ್ತೇ ಎಂದಲ್ಲ. ನಿಮ್ಮ ಕಾರಿನ ಸಂಖ್ಯೆ ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಅಮೆರಿಕದಲ್ಲಂತೂ ಈ ಸಂಖ್ಯೆಯನ್ನು ಬಾನೆಟ್ಟಿನ ಕೆಳಗೇ ಚೀಟಿ ಅಂಟಿಸಿ ಬರೆದಿರಬೇಕೆಂಬ ನಿಯಮವೇ ಇತ್ತು, ಏಕೆಂದರೆ ಟೈಮಿಂಗ್ ತಪ್ಪಿದರೆ ಊರಿನ ಗಾಳಿಯೂ ಕೆಡುತ್ತದೆ. ಅಲ್ಲಿ ಬಾನೆಟ್ಟು ಎತ್ತಿದವರೆಲ್ಲರೂ ಓದಬಹುದಾಗಿದ್ದ ಸಂಖ್ಯೆ ನಮ್ಮಲ್ಲಿ ಗುರುಮುಖೇನ ಕಲಿಯಬೇಕಾದ ಮಂತ್ರವಾದದ್ದು ಹೇಗೆ?

ಮಂತ್ರವಾದದ್ದು ಅದರಿಂದ ಲಾಭವಿರುವುದರಿಂದ. ಅಳತೆ ಇದ್ದ ಕಡೆ ಪ್ರಶ್ನೆ ಕೇಳಬಹುದು. 'ಕೈಗುಣ' ಇದ್ದ ಕಡೆ ಕೈಮುಗಿಯುವುದೊಂದೇ ದಾರಿ. ಈಗಿನ ಹೊಸ ಕಾರುಗಳಲ್ಲಿ ಒಂದೊಂದು ಪ್ಲಗ್ಗಿಗೂ ಅದರದೇ ಕಾಯಿಲ್ಲು, ಡಿಸ್ಟ್ರಿಬ್ಯೂಟರೇ ಇಲ್ಲ. ತಿರುಗಿಸಲು ಏನೂ ಇಲ್ಲದ ಅಂಥ ಕಾರಿಗೂ 'ಟೈಮಿಂಗ್ ಸೆಟ್ಟಿಂಗ್' ಎಂದು ಬರೆದ ಬಿಲ್ಲನ್ನು ನನ್ನ ಸಹೋದ್ಯೋಗಿಯೊಬ್ಬರು ಕಟ್ಟಿ ಬಂದಿದ್ದಾರೆ. ಬಿಲ್ಲಿನಲ್ಲಿ ಎಷ್ಟು ಡಿಗ್ರಿ ಎಂದು ಬರೆಯಬೇಕೆಂಬ ಪದ್ಧತಿ ಇದ್ದಿದ್ದರೆ ಆ ಸಾಲು ಅಲ್ಲಿರುತ್ತಿತ್ತೇ?

"ಇಪ್ಪತ್ತೈದು ವರ್ಷದ ಡಬ್ಬಾ ಕಾರಿಗೆ ಇಷ್ಟೆಲ್ಲ ಯಾಕೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಎನ್ನುವವರಿದ್ದಾರೆ. ಹೊಸ ಕಾರಿನ ಕಂತು ಅವರು ಕಟ್ಟುತ್ತಾರೆಯೇ? ನನ್ನ ಸುತ್ತಲಿನ ಟೀಚರುಗಳು, ನರ್ಸುಗಳು, ಬ್ಯಾಂಕಿನ ಗುಮಾಸ್ತೆಯರು ಮೊದಲು ಸ್ಟಿಯರಿಂಗ್ ಹಿಡಿದದ್ದೇ ಇಂಥ ಹಳೆಯ ಕಾರಿನಲ್ಲಿ. ಮನೆಗೆ ಹೊಸ ಕಾರು ಬಂದರೆ ಅದು ಗಂಡನ ಪಾಲಿಗೆ, ಹಳೆಯದು ಹೆಂಡತಿಯ ಪಾಲಿಗೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ ಇನ್ನೂ ಏರಿಸಿದರು. ಅಷ್ಟು ಕಟ್ಟಿ ಉಳಿಸಿಕೊಂಡ ಕಾರನ್ನು ಯಾರದೋ ಕಿವಿಗೆ ಒಪ್ಪಿಸಿ ಕೆಡಿಸಿಕೊಳ್ಳಬೇಕೇ?

"ಕಂಪೆನಿಯ ಸರ್ವಿಸ್ ಸೆಂಟರಿಗೇ ಹೋಗಿ" ಎಂಬುದು ಇನ್ನೊಂದು ಉಪದೇಶ. ಅಲ್ಲಿನ ಹುಡುಗರು ಈ ಕಾರು ಬಂದಾಗ ಇನ್ನೂ ಹುಟ್ಟಿರಲಿಲ್ಲ. ಅವರ ಕೈಯಲ್ಲಿ ಸ್ಕ್ಯಾನರ್ ಇದೆ, ಟೈಮಿಂಗ್ ಲೈಟು ಇಲ್ಲ. ಸ್ಕ್ಯಾನರ್ ತೋರಿಸುವುದು ಕಂಪ್ಯೂಟರ್ ತಾನು ಮಾಡಿದೆ ಎಂದು ನಂಬಿರುವ ಲೆಕ್ಕವನ್ನು. ಕಣ್ಣೇ ಓರೆಯಾಗಿದ್ದರೆ ಅದರ ಮಾತನ್ನು ನಂಬಿ ಏನು ಪ್ರಯೋಜನ? ಗೆರೆ ಎಲ್ಲಿದೆ ಎಂದು ಹೇಳುವುದು ದೀಪ ಮಾತ್ರ.

ಇನ್ನು ಹೆಂಗಸರಿಗೆ ತಿಳಿಯದು ಎಂಬ ಮಾತು. 15 ಚುಕ್ಕಿಯಿಂದ 8ಕ್ಕೆ ಇಳಿಸಿ ರಂಗೋಲಿ ಹಾಕುವಾಗ ಒಂದು ಚುಕ್ಕಿ ತಪ್ಪಿದರೆ ಇಡೀ ಬಳ್ಳಿ ಕೂಡುವುದಿಲ್ಲ ಎಂದು ಬಲ್ಲವರಿಗೆ, ಸ್ವೆಟರಿನ ಕುಣಿಕೆ ಎಣಿಸುವವರಿಗೆ, ಒಂದು ಗೆರೆ ಒಂದು ಮುಳ್ಳಿಗೆ ನೇರ ನಿಂತಿದೆಯೇ ಎಂದು ನೋಡಲು ಬಾರದೇ? 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್, ಗಂಡನಿಗೆ ತಿಳಿಸದೆ ಅವನು ಕಟ್ಟಿದ ಕಾರನ್ನು ಹದಿಹರೆಯದ ಇಬ್ಬರು ಗಂಡುಮಕ್ಕಳ ಜೊತೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳಂತೆ. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದ ರಿಪೇರಿ ಮಾಡಿದ್ದೇ ಒಬ್ಬ ಹೆಂಗಸು. ಆಗ ಫೋನ್ ಹಚ್ಚಿಕೊಡಲು ಅವಳ ಜೊತೆ ಯಾವ 'ಸಾರ್' ಇದ್ದ?

ಹೆಂಗಸರ ಡ್ರೈವಿಂಗ್ ಶಾಲೆಗಳಿಗೂ ನನ್ನದೊಂದು ಮಾತಿದೆ. ಕ್ಲಚ್ಚು ಬಿಡುವುದನ್ನು ಹದಿನೈದು ದಿನ ಕಲಿಸುತ್ತೀರಿ. ಬಾನೆಟ್ಟು ಎತ್ತುವುದನ್ನು ಹದಿನೈದು ನಿಮಿಷ ಕಲಿಸಬಾರದೇ? ಡಿಸ್ಟ್ರಿಬ್ಯೂಟರ್ ಇದು, ಒಂದನೆಯ ಪ್ಲಗ್ಗು ಇದು, ಗೆರೆ ಇರುವ ಪುಲ್ಲಿ ಇದು ಎಂದು ತೋರಿಸಿದರೆ ಸಾಕು. ಸ್ಪ್ಯಾನರ್ ಹಿಡಿಯಲೇಬೇಕು ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ದರ್ಜಿಯ ಹತ್ತಿರ ಬಟ್ಟೆ ಹೊಲಿಸುವವರೆಲ್ಲ ಮಷಿನ್ ತುಳಿಯಬೇಕಾಗಿಲ್ಲ. ಆದರೆ ತೋಳಿನ ಅಳತೆ ಎಷ್ಟು ಎಂದು ಕೇಳುತ್ತೇವಷ್ಟೇ? ತಪ್ಪಿದ್ದರೆ ಬಿಚ್ಚಿ ಹೊಲಿಸುತ್ತೇವಷ್ಟೇ? ಅಷ್ಟೇ ಧೈರ್ಯ ಗ್ಯಾರೇಜಿನಲ್ಲೂ ಇರಲಿ.

ಆದ್ದರಿಂದ ನಿಮ್ಮ ಹಳೆಯ ಇಂಜೆಕ್ಷನ್ ಕಾರಿಗೆ ಬೆಲ್ಟು ಹಾಕಿಸಿದಾಗ, ಡಿಸ್ಟ್ರಿಬ್ಯೂಟರ್ ಬಿಚ್ಚಿಸಿದಾಗ, ಗಾಡಿಯ ಪಕ್ಕದಲ್ಲೇ ನಿಂತು ಮೂರು ಪ್ರಶ್ನೆ ಕೇಳಿ. ಈ ಕಾರಿಗೆ ಎಷ್ಟು ಡಿಗ್ರಿ, ಅದು ಯಾವ ಪುಸ್ತಕದಲ್ಲಿದೆ? ತಿರುಗಿಸುವ ಮೊದಲು ಯಾವ ಕನೆಕ್ಟರ್ ಸೇರಿಸಿ ಕಂಪ್ಯೂಟರನ್ನು ಸುಮ್ಮನಾಗಿಸಿದಿರಿ? ದೀಪ ಹಿಡಿದು ಗೆರೆಯನ್ನು ನನಗೆ ತೋರಿಸುತ್ತೀರಾ? ಬಲ್ಲ ಮೆಕ್ಯಾನಿಕ್ಕಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಸಂತೋಷವೇ ಆಗುತ್ತದೆ. ತನ್ನ ಕೆಲಸದ ಬೆಲೆ ತಿಳಿದವರು ಬಂದರಲ್ಲ ಎಂದು. ಅಂಥವರು ಕೇಳಿದಷ್ಟು ಹಣವನ್ನು ಚೌಕಾಸಿ ಮಾಡದೆ ಕೊಡಿ. ಸಿಟ್ಟು ಬಂದರೆ, ಕಿವಿ ಮುಟ್ಟಿ ತೋರಿಸಿದರೆ, 'ಸಾರ್' ಎಲ್ಲಿ ಎಂದು ಕೇಳಿದರೆ, ಕಾರಿನ ಕೀ ವಾಪಸ್ಸು ತೆಗೆದುಕೊಂಡು ಮುಂದಿನ ಗ್ಯಾರೇಜಿಗೆ ನಡೆಯಿರಿ.